ಜೊಂಡಿನ ನಡುವೆ ಒಂದು ತೇಲುಗೂಡು

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಕೆರೆ ಎಂಬ ಹೆಸರಿನವು ಎರಡಿವೆ. ಯಲಹಂಕದ ಕೆರೆ ಪಕ್ಷಿಗಳ ಸಂರಕ್ಷಣೆಗೆಂದೇ ಮೀಸಲಾದದ್ದು. ಇಲ್ಲಿ ಹೇಳಹೊರಟಿರುವುದು ಜೆ.ಪಿ. ನಗರ ಏಳನೇ ಹಂತದಲ್ಲಿ, ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿರುವ, ಸುಮಾರು 13 ಎಕರೆಯ ಕೆರೆಯ ಸಂಗತಿ. ಯಾರಿಗೂ ಬೇಡವಾಗಿ ಕಸ ಸುರಿಯುವ ಜಾಗವಾಗಿದ್ದ ಇದನ್ನು ಉಳಿಸಿಕೊಳ್ಳಲು ಸುತ್ತಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. ಮರುವರ್ಷ ಬಿಬಿಎಂಪಿಯೊಡನೆ ಒಪ್ಪಂದ ಮಾಡಿಕೊಂಡು ನಿರ್ವಹಣೆಯ ಹೊಣೆ ಹೊತ್ತರು.

ಕಸ ತೆಗೆದರೆ ಕೆರೆಯಾಗುವುದಿಲ್ಲ, ನೀರು ಬೇಕು. ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ರಾಜಕಾಲುವೆಗಳಿಂದ ಪೋಣಿಸಿದ ಸರಗಳಾಗಿದ್ದವು. ರಸ್ತೆ, ಬಡಾವಣೆಗಳು ಆ ದಾರಿಯನ್ನು ಕಡಿದ ಮೇಲೆ ಕೆರೆಗೆ ಉಳಿಯುವುದು ನೇರವಾಗಿ ಬೀಳುವ ಮಳೆ ಮಾತ್ರ. ಊರಿನ ವಾರ್ಷಿಕ ಮಳೆ ಸುಮಾರು 97 ಸೆಂಟಿಮೀಟರ್. ತೆರೆದ ನೀರಿನಿಂದ ವರ್ಷದಲ್ಲಿ ಆವಿಯಾಗುವುದು ಅದಕ್ಕಿಂತ ಹೆಚ್ಚು. ಹಾಗಾಗಿ ಪಕ್ಕದ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ಬಳಕೆಯ ನೀರನ್ನು 2015ರಿಂದ ಕೆರೆಗೆ ಬಿಡಲಾಯಿತು.

ಇಂಥ ನೀರು ಕಣ್ಣಿಗೆ ತಿಳಿಯಾಗಿದ್ದರೂ ಅದರಲ್ಲಿ ಸಾರಜನಕ ಮತ್ತು ರಂಜಕದ ಅಂಶ ಉಳಿದಿರುತ್ತದೆ. ಪಾಚಿಗೆ ಅದು ಹಬ್ಬದೂಟ. ಹಗಲಿನಲ್ಲಿ ಆಮ್ಲಜನಕ ಬಿಡುವ ಪಾಚಿ ರಾತ್ರಿ ಅದನ್ನೇ ಹೀರುತ್ತದೆ. ದಟ್ಟವಾಗಿ ಬೆಳೆದಿದ್ದರೆ ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರಾಡಲು ಸಾಲದೆ ಮೀನುಗಳು ತೇಲುತ್ತವೆ. ಇದಕ್ಕೆ ಅಗ್ಗದ ಮದ್ದು ಆಪು, ಜೊಂಡುಗಳಂಥ ಜೌಗು ಸಸ್ಯಗಳು. ಅವು ಪೋಷಕಾಂಶಗಳನ್ನು ತಾವೇ ಹೀರಿಕೊಳ್ಳುವುದಲ್ಲದೆ, ಬೇರಿನ ಸುತ್ತಲ ಕೆಸರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಮರಳಿಸುತ್ತವೆ.

ವಿಪರ್ಯಾಸವೆಂದರೆ, ಯಾವುದೇ ಕೆರೆಯಲ್ಲಿ ಉತ್ಸಾಹಿ ಸ್ವಯಂಸೇವಕರ ಕೈ ಮೊದಲು ಹೋಗುವುದೇ ಈ ಜೊಂಡಿಗೆ. ನಿಚ್ಚಳವಾದ ನೀರು, ಸುತ್ತ ಕಲ್ಲು ಕಟ್ಟಿದ ನೇರ ದಂಡೆ, ಬೋಗುಣಿಯಂತೆ ಆಳವಾದ ಒಡಲು: ಫೋಟೋದಲ್ಲಿ ಚೆನ್ನಾಗಿ ಕಾಣುವ ಇಂಥ ಕೆರೆ, ನನ್ನ ಮಟ್ಟಿಗೆ, ನೀರಿನ ತೊಟ್ಟಿಯಷ್ಟೆ. ಗದ್ದೆಗೊರವಕ್ಕೆ ಬೇಕಾದದ್ದು ಕಾಲು ಮುಳುಗದಷ್ಟು ತೆಳುವಾದ ನೀರು ಮತ್ತು ಕೊಕ್ಕು ಇಳಿಯುವಷ್ಟು ಮೆತ್ತಗಿನ ಕೆಸರು. ಆಳದಲ್ಲಿ ಅದಕ್ಕೆ ಕೆಲಸವಿಲ್ಲ.

ಗುಳುಮುಳುಕದ ಗೂಡನ್ನು ಹತ್ತಿರದಿಂದ ಕಂಡವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಅಂಗೈಯಲ್ಲಿ ಹಿಡಿಸುವಂತೆ ಕಾಣುವ ಈ ನೀರುಹಕ್ಕಿ ಕೊಳೆತ ಎಲೆ, ಕಾಂಡಗಳನ್ನು ಗುಡ್ಡೆ ಹಾಕಿ, ಅದು ತೇಲಿಹೋಗದಂತೆ ಜೊಂಡಿನ ಬುಡಕ್ಕೋ ನೀರಕಳೆಗೋ ಸಿಕ್ಕಿಸಿ ಮೊಟ್ಟೆ ಇಡುತ್ತದೆ. ಯಾರಾದರೂ ಹತ್ತಿರ ಬಂದರೆ ಗಾಬರಿಯಲ್ಲೇ ಒದ್ದೆ ಕಳೆಯನ್ನು ಕೊಕ್ಕಿನಿಂದ ಎಳೆದು ಮೊಟ್ಟೆಗಳ ಮೇಲೆ ಹೊದಿಸಿ, ನೀರಿಗೆ ಮುಳುಗಿ ಮಾಯವಾಗುತ್ತದೆ. ಆಗ ಅಲ್ಲಿ ಉಳಿಯುವುದು ನೋಡುವವರ ಕಣ್ಣಿಗೆ ಒಂದು ಹಿಡಿ ಕಸ. ಗುದ್ದಲಿ ಹಿಡಿದವರು ಅದನ್ನು ಕಸವೆಂದೇ ಎಳೆದು ಹಾಕುವುದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಬೆಳೆದದ್ದನ್ನೆಲ್ಲ ಬಿಟ್ಟುಬಿಡಲೂ ಆಗದು. ದಕ್ಷಿಣ ಅಮೆರಿಕದಿಂದ ಬಂದ ಅಲಿಗೇಟರ್ ಕಳೆ ಮತ್ತು ನೀಲಿ ಹೂವಿನ ನೀರ್ಗಳೆಗಳು ಕೆಲವೇ ವಾರಗಳಲ್ಲಿ ನೀರಿಗೆ ಚಾಪೆ ಹಾಸಿ ಬೆಳಕನ್ನು ತಡೆಯುತ್ತವೆ, ಮತ್ತು ಅಲಿಗೇಟರ್ ಕಳೆಯ ತುಂಡೊಂದು ಉಳಿದರೂ ಗೆಣ್ಣಿನಿಂದ ಚಿಗುರುತ್ತದೆ. ಆದ್ದರಿಂದ ಕೀಳುವುದನ್ನು ಒಂದೇ ಭಾನುವಾರ ಮುಗಿಸದೆ, ಗೂಡು ಇದೆಯೇ ಎಂದು ಮೊದಲು ದೂರದಿಂದ ನೋಡಿ, ಪಟ್ಟಿ ಪಟ್ಟಿಯಾಗಿ ಮಾಡುವುದು ಒಳ್ಳೆಯದು. ಕಿತ್ತ ರಾಶಿಯನ್ನೂ ಕೂಡಲೇ ಲಾರಿಗೆ ತುಂಬದೆ ಒಂದು ದಿನ ನೀರಿನ ಅಂಚಿನಲ್ಲೇ ಬಿಟ್ಟರೆ, ಅದರೊಳಗಿನ ಬಸವನಹುಳು, ಕೊಡತಿಹುಳುವಿನ ಮರಿಗಳು ತೆವಳಿಕೊಂಡು ಕೆರೆಗೆ ಮರಳುತ್ತವೆ.