ಎಲ್ಲ ಎಲೆಗಳನ್ನೂ ಬಲ್ಲ ಎದುರಾಳಿ

ಇಸ್ಪೀಟಿನಂಥ ಜಪಾನಿ ಎಲೆಯಾಟವಾದ ಹನಾಫುದಾದ ಕಟ್ಟಿನಲ್ಲಿ 48 ಎಲೆಗಳಿರುತ್ತವೆ. ಒಂದರ ಮೇಲೂ ಅಂಕೆಯಿಲ್ಲ, ರಾಜ ರಾಣಿಯರಿಲ್ಲ. ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಗಿಡಗಳು, ಒಂದೊಂದು ಗಿಡಕ್ಕೆ ನಾಲ್ಕು ಎಲೆಗಳು. ಜನವರಿಗೆ ಪೈನ್, ಮಾರ್ಚ್‌ಗೆ ಚೆರ್ರಿ, ಸೆಪ್ಟೆಂಬರ್‌ಗೆ ಸೇವಂತಿಗೆ, ಅಕ್ಟೋಬರ್‌ಗೆ ಕೆಂಪೇರಿದ ಮೇಪಲ್. ಪೈನ್‌ನ ಒಂದು ಎಲೆಯಲ್ಲಿ ಸೂರ್ಯನ ಎದುರು ಕೊಕ್ಕರೆ ನಿಂತಿರುತ್ತದೆ. ಮೇಪಲ್‌ನ ಒಂದರಲ್ಲಿ ಜಿಂಕೆ ಮುಖ ತಿರುಗಿಸಿಕೊಂಡಿರುತ್ತದೆ. 1889ರಲ್ಲಿ ಕ್ಯೋಟೋ ನಗರದಲ್ಲಿ ಫುಸಾಜಿರೊ ಯಮಾಉಚಿ ಎಂಬವರು ಈ ಎಲೆಗಳನ್ನು ತಯಾರಿಸಿ ಮಾರಲು ಆರಂಭಿಸಿದ ವ್ಯಾಪಾರವೇ ಇಂದಿನ ನಿಂಟೆಂಡೊ. ವಿಡಿಯೊ ಗೇಮ್‌ಗಳಿಂದ ಜಗತ್ತಿಗೆಲ್ಲ ಪರಿಚಿತವಾದ ಆ ಕಂಪನಿ 2020ರಲ್ಲಿ ತನ್ನ ಸ್ವಿಚ್ ಯಂತ್ರಕ್ಕಾಗಿ 51 ಸಾಂಪ್ರದಾಯಿಕ ಆಟಗಳ ಸಂಕಲನವೊಂದನ್ನು ಹೊರತಂದಾಗ ಅದರಲ್ಲಿ ಹನಾಫುದಾ ಕೂಡ ಇತ್ತು.

ಇಂಥ ಆಟವನ್ನು ಪರದೆಗೆ ತರುವುದೆಂದರೆ 48 ಚಿತ್ರಗಳನ್ನು ಅಂದವಾಗಿ ಬಿಡಿಸುವುದು ಎಂದು ಯಾರಿಗಾದರೂ ಅನ್ನಿಸೀತು. ಚಿತ್ರ ಬಿಡಿಸುವುದು ಅದರಲ್ಲಿ ಸುಲಭದ ಕೆಲಸ. ಇಸ್ಪೀಟಿನ ಜಾತಿಯ ಯಾವ ಆಟವೂ ನಿಂತಿರುವುದು ಅಜ್ಞಾನದ ಮೇಲೆ. ಎದುರಿನವರ ಕೈಯಲ್ಲಿ ಏನಿದೆಯೋ ನನಗೆ ತಿಳಿಯದು, ಕಟ್ಟಿನ ಮುಂದಿನ ಎಲೆ ಯಾವುದೋ ಇಬ್ಬರಿಗೂ ತಿಳಿಯದು. ಕಂಪ್ಯೂಟರಿಗಾದರೋ ಎಲ್ಲವೂ ತಿಳಿದಿರುತ್ತದೆ. ಎಲೆ ಹಂಚುವುದೂ ಅದೇ, ಕಟ್ಟು ಇಟ್ಟುಕೊಂಡಿರುವುದೂ ಅದೇ, ಎದುರು ಕುಳಿತು ಆಡುವುದೂ ಅದೇ. ಅದಕ್ಕೆ ಅಜ್ಞಾನವನ್ನು ಕಲಿಸುವುದು ಹೇಗೆ ಎಂಬುದೇ ಇಲ್ಲಿನ ನಿಜವಾದ ವಿಜ್ಞಾನ.

ಆಟ ಹೀಗಿದೆ. ಇಬ್ಬರು ಆಡುವ ‘ಕೊಯ್-ಕೊಯ್’ ಎಂಬ ಪ್ರಕಾರದಲ್ಲಿ ಇಬ್ಬರಿಗೂ ಎಂಟೆಂಟು ಎಲೆ ಹಂಚಿ, ನಡುವೆ ನೆಲದ ಮೇಲೆ ಎಂಟನ್ನು ಬಿಚ್ಚಿಡುತ್ತಾರೆ. ಉಳಿದ 24 ಕಟ್ಟಿನಲ್ಲಿ ಮುಚ್ಚಿರುತ್ತವೆ. ಸರದಿ ಬಂದವರು ಕೈಯಿಂದ ಒಂದು ಎಲೆ ಇಳಿಸಬೇಕು. ನೆಲದಲ್ಲಿ ಅದೇ ತಿಂಗಳ ಎಲೆಯಿದ್ದರೆ ಎರಡನ್ನೂ ಎತ್ತಿಕೊಳ್ಳಬಹುದು. ಆಮೇಲೆ ಕಟ್ಟಿನಿಂದ ಒಂದು ಎಲೆ ತೆರೆದು ಅದನ್ನೂ ಹಾಗೆಯೇ ಹೊಂದಿಸಬೇಕು. ಎತ್ತಿಕೊಂಡ ಎಲೆಗಳಲ್ಲಿ ಗೊತ್ತಾದ ಕೂಟಗಳು ಕೂಡಿಬಂದರೆ ಅಂಕ: ಕಾಡುಹಂದಿ, ಜಿಂಕೆ, ಚಿಟ್ಟೆ ಮೂರೂ ಸೇರಿದರೆ 5, ಬರಹವಿರುವ ಕೆಂಪು ಪಟ್ಟಿಯ ಚಿತ್ರದ ಮೂರು ಎಲೆಗಳಿಗೆ 5, ನೀಲಿ ಪಟ್ಟಿಯ ಮೂರು ಎಲೆಗಳಿಗೆ 5. ಕೂಟ ಕೂಡಿಬಂದೊಡನೆ ಆಟಗಾರ ನಿಲ್ಲಿಸಿ ಅಂಕ ಪಡೆಯಬಹುದು, ಇಲ್ಲವೇ ‘ಕೊಯ್-ಕೊಯ್’ ಎಂದು ಕೂಗಿ ಇನ್ನೂ ಹೆಚ್ಚಿನದಕ್ಕೆ ಆಡಬಹುದು. ನಿಯಮಗಳು ಮನೆಯಿಂದ ಮನೆಗೆ ತುಸು ಬದಲಾಗುತ್ತವೆ.

ಮೊದಲು ಎಲೆ ಕಲೆಸುವ ವಿಷಯ. ಹನಾಫುದಾ ಎಲೆಗಳು ಬೆಂಕಿಪೊಟ್ಟಣದಷ್ಟು ಚಿಕ್ಕವು, ದಪ್ಪ, ಬಾಗದಷ್ಟು ಗಡುಸು. ಇಸ್ಪೀಟಿನಂತೆ ಎರಡು ಭಾಗ ಮಾಡಿ ಬಗ್ಗಿಸಿ ಸರ್ರನೆ ಬೆರೆಸಲು ಬರುವುದಿಲ್ಲ. ಕೈಯಲ್ಲಿ ಹಿಡಿದು ಗುಂಪುಗುಂಪಾಗಿ ಜಾರಿಸಿ ಕಲೆಸುತ್ತಾರೆ. 52 ಎಲೆಗಳ ಕಟ್ಟನ್ನು ಬಗ್ಗಿಸಿ ಬೆರೆಸಿದರೆ ಏಳು ಸಲ ಸಾಕು ಎಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು. ಜಾರಿಸಿ ಕಲೆಸುವ ಕ್ರಮಕ್ಕೆ ಗಣಿತದ ಲೆಕ್ಕದಲ್ಲಿ ಸಾವಿರಾರು ಸಲ ಬೇಕು. ಹನಾಫುದಾದಲ್ಲಿ ಒಂದೇ ತಿಂಗಳ ಎಲೆಗಳನ್ನು ಜೋಡಿಜೋಡಿಯಾಗಿ ಎತ್ತುವುದರಿಂದ, ಆಟ ಮುಗಿದು ಎಲ್ಲವನ್ನೂ ಗುಡ್ಡೆ ಹಾಕಿದಾಗ ಚೆರ್ರಿಯ ಪಕ್ಕ ಚೆರ್ರಿ, ಪೈನ್ ಪಕ್ಕ ಪೈನ್ ಇರುವ ಸಾಧ್ಯತೆ ಹೆಚ್ಚು. ಅರೆಬರೆ ಕಲೆಸಿದರೆ ಈ ನಂಟು ಮುಂದಿನ ಆಟದಲ್ಲೂ ಉಳಿಯುತ್ತದೆ.

ಕಂಪ್ಯೂಟರಿಗೆ ಈ ತೊಂದರೆಯಿಲ್ಲ. ಆದರೆ ಅದು ಬೇರೆ ರೀತಿಯಲ್ಲಿ ಎಡವುತ್ತದೆ. ಪ್ರತಿ ಎಲೆಯನ್ನೂ ಕಟ್ಟಿನ ಯಾವುದಾದರೊಂದು ಸ್ಥಾನದ ಎಲೆಯೊಂದಿಗೆ ಅದಲುಬದಲು ಮಾಡುತ್ತ ಹೋದರೆ ಸಾಕು ಎಂದು ಹೊಸ ಪ್ರೋಗ್ರಾಮರ್ ಬರೆಯಬಹುದು. ಮೂರೇ ಎಲೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಮೂರು ಹೆಜ್ಜೆ, ಪ್ರತಿ ಹೆಜ್ಜೆಗೂ ಮೂರು ಆಯ್ಕೆ, ಒಟ್ಟು 27 ದಾರಿ. ಮೂರು ಎಲೆಗಳನ್ನು ಜೋಡಿಸಬಹುದಾದ ಕ್ರಮಗಳು 6. ಇಪ್ಪತ್ತೇಳನ್ನು ಆರರಿಂದ ಸಮನಾಗಿ ಭಾಗಿಸಲಾಗದು. ಹಾಗಾಗಿ ಮೂರು ಕ್ರಮಗಳಿಗೆ ನಾಲ್ಕು ದಾರಿ, ಇನ್ನು ಮೂರಕ್ಕೆ ಐದು ದಾರಿ ಬೀಳುತ್ತವೆ. 48 ಎಲೆಗಳಲ್ಲೂ ಇದೇ ಕಥೆ. 48ನ್ನು 48 ಸಲ ಗುಣಿಸಿದರೆ ಬರುವ ಸಂಖ್ಯೆಯಲ್ಲಿ 2 ಮತ್ತು 3 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನವಿಲ್ಲ. ಜೋಡಣೆಗಳ ಒಟ್ಟು ಸಂಖ್ಯೆಯಲ್ಲಿ 5, 7ರಿಂದ ಹಿಡಿದು 47ರವರೆಗೆ ಎಲ್ಲ ಅವಿಭಾಜ್ಯಗಳೂ ಇವೆ. ಸಮ ಪಾಲು ಆಗುವಂತೆಯೇ ಇಲ್ಲ. ಸರಿಯಾದ ವಿಧಾನದಲ್ಲಿ ಒಂದೇ ಒಂದು ಬದಲಾವಣೆ: ಸ್ಥಾನ ನಿಗದಿಯಾದ ಎಲೆಯನ್ನು ಮತ್ತೆ ಮುಟ್ಟಬಾರದು. ಮೊದಲ ಸಲ 48ರಲ್ಲಿ ಒಂದು, ಮುಂದೆ 47ರಲ್ಲಿ ಒಂದು, ಹೀಗೆ. ಸಂಖ್ಯಾಶಾಸ್ತ್ರಜ್ಞರಾದ ರೊನಾಲ್ಡ್ ಫಿಶರ್ ಮತ್ತು ಫ್ರಾಂಕ್ ಯೇಟ್ಸ್ 1938ರಲ್ಲಿ ಕಾಗದ-ಪೆನ್ಸಿಲ್‌ಗೆಂದು ಹೇಳಿದ ಈ ಕ್ರಮವನ್ನು 1964ರಲ್ಲಿ ರಿಚರ್ಡ್ ಡರ್ಸ್ಟನ್‌ಫೆಲ್ಡ್ ಕಂಪ್ಯೂಟರಿಗೆ ಒಗ್ಗಿಸಿದರು. ಇಷ್ಟು ಚಿಕ್ಕದಾಗಿ, ಇಷ್ಟು ನಿಖರವಾಗಿ ನ್ಯಾಯ ಒದಗಿಸುವ ವಿಧಾನಗಳು ಗಣಕ ವಿಜ್ಞಾನದಲ್ಲಿ ಹೆಚ್ಚಿಲ್ಲ.

ಆದರೂ ಒಂದು ಕೊರತೆ ಉಳಿಯುತ್ತದೆ. 48 ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ ಬರೆದರೆ ಅದರಲ್ಲಿ 62 ಅಂಕಿಗಳಿರುತ್ತವೆ. ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆಗಳು ಹೆಚ್ಚಾಗಿ ಒಂದು ಬೀಜಸಂಖ್ಯೆಯಿಂದ ಹುಟ್ಟುತ್ತವೆ. ಆ ಬೀಜ 32 ಬಿಟ್‌ಗಳದ್ದಾದರೆ ಹೊಮ್ಮಬಹುದಾದ ಕಟ್ಟುಗಳು ಸುಮಾರು 429 ಕೋಟಿ ಮಾತ್ರ. ಮಿಕ್ಕ ಕ್ರಮಗಳು ಎಂದೆಂದಿಗೂ ಬರುವುದಿಲ್ಲ. ಮನೆಯಲ್ಲಿ ಆಡುವವರಿಗೆ ಅದು ಗೊತ್ತಾಗುವುದೂ ಇಲ್ಲ. ಹಣ ಕಟ್ಟುವ ಕಡೆ ಇದು ಅಪಾಯ. 1999ರಲ್ಲಿ ಆನ್‌ಲೈನ್ ಪೋಕರ್‌ನಲ್ಲಿ ಬಳಕೆಯಲ್ಲಿದ್ದ ಒಂದು ಕಲೆಸುವ ಪ್ರೋಗ್ರಾಮನ್ನು ಭದ್ರತಾ ತಜ್ಞರು ಪರೀಕ್ಷಿಸಿದಾಗ, ಅದು ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳನ್ನೇ ಬೀಜವಾಗಿ ತೆಗೆದುಕೊಳ್ಳುತ್ತಿದ್ದುದು ಕಂಡಿತು. ದಿನಕ್ಕೆ 8 ಕೋಟಿ 64 ಲಕ್ಷ ಮಿಲಿಸೆಕೆಂಡು, ಅಷ್ಟೇ ಕಟ್ಟುಗಳು. ಗಡಿಯಾರವನ್ನು ಹೊಂದಿಸಿಕೊಂಡು, ಬಿಚ್ಚಿದ ಕೆಲವು ಎಲೆಗಳನ್ನು ನೋಡಿ, ಅವರು ಎಲ್ಲರ ಕೈಯನ್ನೂ ಕಂಡುಹಿಡಿದರು.

ನಿಷ್ಪಕ್ಷಪಾತವಾಗಿ ಕಲೆಸಿದ ಮೇಲೂ ಆಟಗಾರರಿಗೆ ಅನುಮಾನ ಬರುವುದುಂಟು. ಕೈಗೆ ಬಂದ ಎಂಟರಲ್ಲಿ ಒಂದೇ ತಿಂಗಳ ನಾಲ್ಕೂ ಎಲೆಗಳಿದ್ದರೆ, ಅಥವಾ ಎಂಟೂ ನಾಲ್ಕು ಜೋಡಿಗಳಾಗಿದ್ದರೆ ಕೊಯ್-ಕೊಯ್‌ನ ಹಲವು ನಿಯಮಾವಳಿಗಳಲ್ಲಿ ಆಡದೆಯೇ ಗೆಲುವು. ಇದೆಷ್ಟು ಅಪರೂಪ? ಸಾಧ್ಯವಿರುವ ಕೈಗಳು 37,73,48,994. ಅವುಗಳಲ್ಲಿ ಇಂಥವು 22,70,466. ಅಂದರೆ 166ಕ್ಕೆ ಒಂದು. ಎದುರಾಳಿಯದನ್ನೂ ಸೇರಿಸಿದರೆ ಸುಮಾರು 83 ಹಂಚಿಕೆಗೆ ಒಂದು ಸಲ ಯಾರಿಗಾದರೂ ಹೀಗೆ ಬರಲೇಬೇಕು. ಕಂಪ್ಯೂಟರಿಗೆ ಬಂದ ದಿನ ಅದು ಮೋಸದಂತೆ ಕಾಣುತ್ತದೆ, ಲೆಕ್ಕ ಹಾಗೆನ್ನುವುದಿಲ್ಲ.

ಈಗ ಎದುರಾಳಿಯ ಕೈ. ಆಟದ ಆರಂಭದಲ್ಲಿ ನನಗೆ ಕಾಣುವುದು ನನ್ನ ಎಂಟು, ನೆಲದ ಎಂಟು. ಉಳಿದ 32ರಲ್ಲಿ ಯಾವ ಎಂಟು ಅವರಲ್ಲಿವೆ ಎಂಬುದಕ್ಕೆ 1,05,18,300 ಸಾಧ್ಯತೆಗಳು. ಆಟ ಸಾಗಿದಂತೆ ಇದು ಕರಗುತ್ತದೆ. ಒಂದು ಸಂದರ್ಭ ನೋಡಿ: ಪೈನ್‌ನ ಎರಡು ಎಲೆಗಳು ಆಗಲೇ ಎತ್ತಿಹೋಗಿವೆ. ಮೂರನೆಯದು, ಅಮೂಲ್ಯವಾದ ಕೊಕ್ಕರೆಯ ಎಲೆ, ನೆಲದಲ್ಲಿದೆ. ನಾಲ್ಕನೆಯದು ನನ್ನ ಕೈಯಲ್ಲಿ. ಹೊಸಬರು ಆತುರದಿಂದ ಕೊಕ್ಕರೆಯನ್ನು ಎತ್ತಿಬಿಡುತ್ತಾರೆ. ಪಳಗಿದವರು ಮುಟ್ಟುವುದಿಲ್ಲ, ಏಕೆಂದರೆ ಅದನ್ನು ಬೇರೆ ಯಾರೂ ಎತ್ತುವಂತಿಲ್ಲ. ಅಷ್ಟರಲ್ಲಿ ಎದುರಾಳಿ ಕಸಿಯಬಹುದಾದ ಜಿಂಕೆಯನ್ನು ಎತ್ತಿಕೊಳ್ಳುತ್ತಾರೆ. ಎದುರಾಳಿ ಆ ನಾಲ್ಕನೆಯ ಪೈನ್ ಕಟ್ಟಿನಲ್ಲಿರಬಹುದೆಂದು ನಂಬಿ ಕಾಯುತ್ತಿರುತ್ತಾರೆ. ಈ ಆಟದ ಸೊಗಸೆಲ್ಲ ಇಂಥ ಗಳಿಗೆಗಳಲ್ಲಿದೆ. ನನ್ನ ಕೈಯನ್ನು ಇಣುಕಿ ನೋಡುವ ಕಂಪ್ಯೂಟರ್ ಇದನ್ನು ನುಂಗಿಹಾಕುತ್ತದೆ, ಮತ್ತು ನುಂಗಿದ್ದು ನನಗೆ ಗೊತ್ತೂ ಆಗುವುದಿಲ್ಲ.

ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂಬ ತೀರ್ಮಾನವೂ ಈ ಅಜ್ಞಾನದಿಂದಲೇ ಕಷ್ಟವಾಗುವುದು. ನನ್ನಲ್ಲಿ ಮೂರು ಕೆಂಪು ಪಟ್ಟಿಗಳಿವೆ ಎನ್ನಿ. ನಿಲ್ಲಿಸಿದರೆ 5 ಅಂಕ ಖಚಿತ. ಮುಂದುವರಿಸಿ ನೀಲಿ ಪಟ್ಟಿಗಳನ್ನೂ ಕೂಡಿಸಿದರೆ 10. ಏಳು ಅಥವಾ ಹೆಚ್ಚು ಅಂಕವಾದರೆ ಇಮ್ಮಡಿ ಎಂಬ ನಿಯಮದಂತೆ ಅದು 20. ಎದುರಾಳಿ ಮೊದಲು 5 ಅಂಕದ ಕೂಟ ಮಾಡಿದರೆ, ನಾನು ಕೂಗಿದ ತಪ್ಪಿಗೆ ಅವರಿಗೆ ಇಮ್ಮಡಿ, 10. ಇಬ್ಬರಲ್ಲಿ ಒಬ್ಬರು ಮುಗಿಸಿಯೇ ತೀರುತ್ತಾರೆ ಎಂದಿಟ್ಟುಕೊಂಡರೆ, ನನ್ನ ಅವಕಾಶ ಸರಿಯಾಗಿ ಅರ್ಧವಿದ್ದಾಗ ಎರಡೂ ಸಮ. ಎದುರಾಳಿಗೆ ಒಂದೇ ಅಂಕದ ಸಣ್ಣ ಕೂಟ ಮಾತ್ರ ಸಾಧ್ಯವಿದ್ದರೆ, ಮೂರರಲ್ಲಿ ಒಂದು ಪಾಲು ಅವಕಾಶವಿದ್ದರೂ ಮುಂದುವರಿಸುವುದೇ ಲಾಭ. ಹನ್ನೆರಡು ಸುತ್ತುಗಳ ಆಟದ ಕೊನೆಯ ಸುತ್ತಿನಲ್ಲಿ 15 ಅಂಕ ಹಿಂದಿದ್ದರೆ ಈ ಸರಾಸರಿಗಳೆಲ್ಲ ಬದಿಗೆ. ಐದು ಅಂಕ ತೆಗೆದುಕೊಂಡು ನಿಲ್ಲುವವರು ಸೋಲನ್ನು ಒಪ್ಪಿಕೊಂಡಂತೆ.

ಕಂಪ್ಯೂಟರ್ ಇಂಥ ಅವಕಾಶಗಳನ್ನು ಪ್ರಾಮಾಣಿಕವಾಗಿ ಅಂದಾಜಿಸಲು ಒಂದು ಹಾದಿಯಿದೆ. ಕಾಣದ ಎಲೆಗಳನ್ನು ತನ್ನೊಳಗೇ ಮತ್ತೊಮ್ಮೆ ಕಲೆಸಿ, ಎದುರಾಳಿಗೆ ಒಂದು ಕಲ್ಪಿತ ಕೈ ಹಂಚಿ, ಆಟವನ್ನು ಕೊನೆಯವರೆಗೆ ಆಡಿ ನೋಡುವುದು. ಹೀಗೆ ಸಾವಿರಾರು ಸಲ ಮಾಡಿ ಸರಾಸರಿ ತೆಗೆಯುವುದು. ಮಾಂಟೆ ಕಾರ್ಲೊ ಎಂದು ಹೆಸರಾದ ಈ ವಿಧಾನ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಪ್ರತಿ ಕಲ್ಪಿತ ಆಟದಲ್ಲೂ ಯಂತ್ರ ಎಲ್ಲ ಎಲೆಗಳನ್ನೂ ಕಂಡು ಆಡಿದರೆ, ಗುಟ್ಟು ಕಾಯ್ದುಕೊಳ್ಳುವುದಕ್ಕೆ ಅದು ಬೆಲೆಯನ್ನೇ ಕೊಡುವುದಿಲ್ಲ. ಕೊಕ್ಕರೆಯನ್ನು ಮುಟ್ಟದೆ ಬಿಟ್ಟು ಎದುರಾಳಿಯನ್ನು ಕಾಯಿಸುವ ಜಾಣ್ಮೆ ಅದಕ್ಕೆ ಹೊಳೆಯದು.

ಇದಕ್ಕೆ ನಾನು ಕಂಡ ಅತ್ಯಂತ ಚೆಂದದ ಉತ್ತರ ಬಂದದ್ದು ಹನಾಫುದಾದಿಂದಲ್ಲ, ಜಪಾನಿನಲ್ಲಿ ಮನೆಮಾತಾಗಿರುವ, ಬಿಲ್ಲೆಗಳಿಂದ ಆಡುವ ಇನ್ನೊಂದು ಆಟ ಮಾಜಾಂಗ್‌ನಿಂದ. ಮೈಕ್ರೋಸಾಫ್ಟ್‌ನ ಏಷ್ಯಾ ಸಂಶೋಧನಾ ವಿಭಾಗದವರು ‘ಸೂಪರ್ ಫೀನಿಕ್ಸ್’ ಎಂಬರ್ಥದ ಹೆಸರಿಟ್ಟ ‘ಸುಫ್ಎಕ್ಸ್’ ಎಂಬ ಯಂತ್ರವನ್ನು ತರಬೇತುಗೊಳಿಸುವಾಗ, ಮೊದಲು ಅದಕ್ಕೆ ಎಲ್ಲರ ಕೈಯನ್ನೂ ಮುಚ್ಚಿದ ಬಿಲ್ಲೆಗಳನ್ನೂ ತೋರಿಸಿದರು. ಅದು ಬೇಗ ಕಲಿಯಿತು. ಬಳಿಕ ಆ ಗುಟ್ಟಿನ ಮಾಹಿತಿಯನ್ನು ಸ್ವಲ್ಪಸ್ವಲ್ಪವಾಗಿ ಅಳಿಸುತ್ತ ಬಂದರು. ಕೊನೆಗೆ ಅದು ಮನುಷ್ಯ ಆಟಗಾರರಿಗೆ ಕಾಣುವಷ್ಟನ್ನೇ ನೋಡಿ ಆಡುವಂತಾಯಿತು. ಹಾಗೆ ಆಡಿಯೇ 2019ರಲ್ಲಿ ‘ಟೆನ್ಹೋ’ ಎಂಬ ಜಪಾನಿನ ಆನ್‌ಲೈನ್ ತಾಣದಲ್ಲಿ ಹತ್ತನೆಯ ದರ್ಜೆಗೆ ಏರಿತು.

ಮನೆಯ ಹನಾಫುದಾಕ್ಕೆ ಇಷ್ಟು ದೊಡ್ಡ ಯಂತ್ರ ಬೇಕಿಲ್ಲ. ಕಂಪ್ಯೂಟರ್ ಆಟಗಾರನ ಪ್ರೋಗ್ರಾಮಿಗೆ ನನ್ನ ಎಲೆಗಳ ಪಟ್ಟಿಯನ್ನು ಕೊಡದಿದ್ದರೆ ಆಯಿತು. ಕೊಟ್ಟಿಲ್ಲವೆಂದು ನಂಬಿಸಲು ಪ್ರೋಗ್ರಾಮನ್ನು ತೆರೆದಿಡಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ನಡುವೆ ಎಲೆ ಬದಲಿಸಿಲ್ಲ ಎಂಬುದನ್ನಾದರೂ ಗಣಿತದಿಂದಲೇ ಸಾಬೀತು ಮಾಡಬಹುದು. ಆಟಕ್ಕೆ ಮುಂಚೆ ಕಲೆಸಿದ ಕಟ್ಟಿನ ಬೆರಳಚ್ಚಿನಂಥ ಒಂದು ಹ್ಯಾಶ್ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸುವುದು, ಆಟ ಮುಗಿದ ಮೇಲೆ ಇಡೀ ಕ್ರಮವನ್ನು ಬಿಚ್ಚಿಡುವುದು. ಎರಡೂ ತಾಳೆಯಾದರೆ ಕಟ್ಟು ಮೊದಲಿನದೇ. ಇಂಥ ಸೌಕರ್ಯ ಪ್ರತಿಯೊಂದು ಡಿಜಿಟಲ್ ಎಲೆಯಾಟದಲ್ಲೂ ಇರಬೇಕೆಂದು ನಾನು ಬಯಸುತ್ತೇನೆ. ಕಟ್ಟು ಹುಟ್ಟಿದ್ದು 32 ಬಿಟ್‌ಗಳ ಬೀಜದಿಂದಾದರೆ ಮಾತ್ರ ಇದು ತಿರುಗುಬಾಣವಾಗುತ್ತದೆ: 429 ಕೋಟಿ ಬೀಜಗಳನ್ನೂ ಒಂದೊಂದಾಗಿ ಹಾಕಿ ನೋಡಿ, ಹ್ಯಾಶ್ ಹೊಂದುವ ಕಟ್ಟನ್ನು ಹುಡುಕಿಕೊಂಡು, ಕಂಪ್ಯೂಟರಿನ ಕೈಯನ್ನು ನಾವೇ ಓದಿಬಿಡಬಹುದು.