ಒಂದೇ ಹನಿ, ಎರಡು ತಟ್ಟೆ

ಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲ ತಿಂಗಳಲ್ಲೇ ಈ ಪ್ರಶ್ನೆ ಕೇಳುತ್ತಾರೆ: "ಸರ್, ಕೋಶ ನಿಧಾನ ಬೆಳೀತಿದೆ. ಗ್ರೋತ್ ಫ್ಯಾಕ್ಟರ್ ಸ್ವಲ್ಪ ಜಾಸ್ತಿ ಹಾಕ್ಲಾ?"

ಗಿಡಕ್ಕೆ ಗೊಬ್ಬರ ಹಾಕುವ ಲೆಕ್ಕ ಅದು. ತಪ್ಪು ಅವರದ್ದಲ್ಲ, ಹೆಸರೇ ದಾರಿ ತಪ್ಪಿಸುತ್ತದೆ. ಕೋಶದ ಊಟ ಗ್ಲೂಕೋಸ್, ಅಮೈನೊ ಆಮ್ಲ. ಅವು ಕೋಶ ಬೆಳೆಸುವ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಇದ್ದೇ ಇರುತ್ತವೆ. ಗ್ರೋತ್ ಫ್ಯಾಕ್ಟರ್ ಒಂದು ಪ್ರೋಟೀನು, ಸುದ್ದಿ ಮುಟ್ಟಿಸುವ ಪ್ರೋಟೀನು. ಅದನ್ನು ಹಿಡಿಯುವ ರಿಸೆಪ್ಟರ್ ಕೋಶದ ಮೈಮೇಲೆ ಇದ್ದರೆ ಸುದ್ದಿ ತಲುಪುತ್ತದೆ, ಇಲ್ಲದಿದ್ದರೆ ಇಲ್ಲ. ಪಿಡಿಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್ ಹಾಕಿ ನೋಡಿ. ಚರ್ಮದ ಒಳಪದರದ ಫೈಬ್ರೊಬ್ಲಾಸ್ಟ್‌ಗಳು ಚುರುಕಾಗಿ ಒಡೆದು ಎರಡಾಗುತ್ತವೆ. ಮೇಲ್ಪದರದ ಕೆರಾಟಿನೊಸೈಟ್‌ಗಳಿಗೆ ಅದರ ರಿಸೆಪ್ಟರ್ರೇ ಇಲ್ಲ, ಎಷ್ಟು ಸುರಿದರೂ ದಂಡ.

ಟಿಜಿಎಫ್-ಬೀಟಾ ಎಂಬ ಮತ್ತೊಂದು ಗ್ರೋತ್ ಫ್ಯಾಕ್ಟರ್ ಇನ್ನೂ ವಿಚಿತ್ರ. ಫೈಬ್ರೊಬ್ಲಾಸ್ಟ್ ಅದನ್ನು ಕಂಡರೆ ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ನಾರು ನೇಯಲು ಕೂರುತ್ತದೆ. ಅದೇ ಹನಿಯನ್ನು ಪಕ್ಕದ ತಟ್ಟೆಯ ಕೆರಾಟಿನೊಸೈಟ್‌ಗೆ ಕೊಟ್ಟರೆ ವಿಭಜನೆಯೇ ನಿಲ್ಲುತ್ತದೆ. ಹೆಸರಲ್ಲಿ ಮಾತ್ರ ಗ್ರೋತ್!

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಒಮ್ಮೆ ಆತುರದಲ್ಲಿ, ಶೇ. 10 ಸೀರಂ (ರಕ್ತದ ತಿಳಿ) ಇರುವ ಫೈಬ್ರೊಬ್ಲಾಸ್ಟ್ ಮೀಡಿಯಂ ಅನ್ನು ಕೆರಾಟಿನೊಸೈಟ್ ತಟ್ಟೆಗೆ ಹಾಕಿಬಿಟ್ಟೆ. ಎರಡೇ ದಿನದಲ್ಲಿ ಕೋಶಗಳು ಚಪ್ಪಟೆಯಾಗಿ, ಒಂದಕ್ಕೊಂದು ಅಂಟಿ, ಕೆಲಸ ಮುಗಿಸಿದ ಮುದುಕರಂತೆ ಕೂತಿದ್ದವು. ಸೀರಂನಲ್ಲಿ ಟಿಜಿಎಫ್-ಬೀಟಾ ಇತ್ತು. ಅದಕ್ಕಿಂತ ಹೆಚ್ಚಾಗಿ ಆ ಮೀಡಿಯಂನ ಕ್ಯಾಲ್ಸಿಯಂ 1 ಮಿಲಿಮೋಲಾರ್ ದಾಟಿತ್ತು. ಸೀರಂ ಇಲ್ಲದೆ ಬೆಳೆಸುವಾಗ ಈ ಕೋಶಗಳಿಗೆ 0.1ರ ಆಸುಪಾಸು ಸಾಕು. ಮೇಲೆ ಹೋದರೆ ಬೆಳೆಯುವುದು ಬಿಟ್ಟು ಬಲಿಯುತ್ತವೆ.

ಇನ್ನು ಇಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್. ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಇದನ್ನು ಗುರುತಿಸಿದ್ದು ಇಲಿಮರಿಗಳಿಂದ. ಇಲಿಯ ಜೊಲ್ಲುಗ್ರಂಥಿಯ ಸಾರ ಚುಚ್ಚಿದಾಗ ಮರಿಗಳು ದಿನಕ್ಕೆ ಮುಂಚೆಯೇ ಕಣ್ಣು ಬಿಟ್ಟವು. ಆ ಸುಳಿವು ಹಿಡಿದು ಹೋದ ಕೋಹೆನ್‌ಗೆ 1986ರಲ್ಲಿ ನೊಬೆಲ್ ಬಂತು. 1977ರಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ ಎಂಬ ಸಂಶೋಧಕರು ಇಜಿಎಫ್ ಅನ್ನು ಮನುಷ್ಯನ ಕೆರಾಟಿನೊಸೈಟ್‌ಗೆ ಕೊಟ್ಟರು. ಕೋಶಗಳು ತಟ್ಟೆಯಲ್ಲಿ ಬಹಳ ಹೆಚ್ಚು ತಲೆಮಾರು ಬಾಳಿದವು. ಇಲ್ಲಿ ನನಗೆ ಇಷ್ಟವಾಗುವ ಸಂಗತಿ ಬೇರೆಯೇ: ಇಜಿಎಫ್ ಕೋಶಗಳಿಗೆ ಬರೀ "ಒಡೆ" ಅನ್ನುವುದಿಲ್ಲ, "ಜರುಗು" ಅನ್ನುತ್ತದೆ. ಗುಂಪಿನ ಅಂಚಿನ ಕೋಶಗಳು ಹೊರಗೆ ಸರಿದು ಜಾಗ ಮಾಡಿಕೊಳ್ಳುತ್ತವೆ. ಜಾಗ ಸಿಕ್ಕರೆ ತಾನೇ ವಿಭಜನೆ? ಇಲ್ಲದಿದ್ದರೆ ನಡುವೆಯೇ ಗುಡ್ಡೆ ಬಿದ್ದು ಬಲಿಯುತ್ತವೆ.

ಪ್ರಮಾಣವೂ ಅಷ್ಟೇ. ಮಿಲಿಲೀಟರ್‌ಗೆ 10 ನ್ಯಾನೊಗ್ರಾಂ ಇಜಿಎಫ್ ಅಂದರೆ ಧಾರಾಳ. ಜಾಸ್ತಿ ಕೂಗಿದರೆ ಕೋಶ ರಿಸೆಪ್ಟರನ್ನೇ ಒಳಗೆಳೆದುಕೊಂಡು ಕಿವಿ ಮುಚ್ಚಿಕೊಳ್ಳುತ್ತದೆ. (ಮೈಗೆ ಹಚ್ಚುವ ಇಜಿಎಫ್ ಕ್ರೀಮಿನ ಬಗ್ಗೆಯೂ ಕೇಳುತ್ತೀರಿ, ಗೊತ್ತು. ಅಣುತೂಕದ ಲೆಕ್ಕದಲ್ಲಿ ಇಜಿಎಫ್ ಸುಮಾರು 6,000 ಡಾಲ್ಟನ್ ತೂಗುತ್ತದೆ. ಗಾಯವಿಲ್ಲದ ಚರ್ಮ 500 ದಾಟಿದ್ದನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ತಟ್ಟೆಯ ಕೋಶಕ್ಕೆ ಆ ಗೋಡೆಯೇ ಇಲ್ಲ, ಅಲ್ವಾ?)

ಹಾಗಾಗಿ "ಜಾಸ್ತಿ ಹಾಕ್ಲಾ" ಅಂದವರಿಗೆ ನಾನು ಮೊದಲು ಕೇಳುವುದು, ಮೀಡಿಯಂ ಬದಲಿಸಿ ಎಷ್ಟು ದಿನ ಆಯಿತು ಅಂತ. ಬೇಸಿಕ್ ಎಫ್‌ಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್ 37 ಡಿಗ್ರಿಯಲ್ಲಿ ಒಂದು ದಿನದೊಳಗೇ ಬಹುಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಶುಕ್ರವಾರ ಹಾಕಿದ್ದು ಸೋಮವಾರಕ್ಕೆ ಎಲ್ಲಿರುತ್ತದೆ?