ಜಾರ್ಜಿಯನ್, ವಿಕ್ಟೋರಿಯನ್: ಡಬ್ಲಿನ್‌ನ ಮನೆಗಳನ್ನು ಓದಲು ಎರಡು ಪದ

ಡಬ್ಲಿನ್‌ನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಜಾಹೀರಾತುಗಳಲ್ಲಿ ಎರಡು ಪದ ಮತ್ತೆ ಮತ್ತೆ ಎದುರಾಗುತ್ತವೆ: ಜಾರ್ಜಿಯನ್, ವಿಕ್ಟೋರಿಯನ್. ಎರಡಕ್ಕೂ ‘ಹಳೇ ಮನೆ, ಬಾಡಿಗೆ ಜಾಸ್ತಿ, ಚಳಿಯೂ ಜಾಸ್ತಿ’ ಎಂದು ಅರ್ಥ ಮಾಡಿಕೊಂಡರೆ ತೀರಾ ತಪ್ಪೇನಲ್ಲ. ಆದರೆ ಇವೆರಡೂ ಒಂದೇ ಬಗೆಯ ಪದಗಳಲ್ಲ.

ನಾವು ಹೊಯ್ಸಳ ಶೈಲಿ, ಚಾಲುಕ್ಯ ಶೈಲಿ ಎನ್ನುವ ಹಾಗೆ ಇವೂ ಆಳಿದವರ ಹೆಸರಿನಿಂದ ಬಂದವು. 1714ರಿಂದ 1830ರವರೆಗೆ ಬ್ರಿಟನ್ ಮತ್ತು ಐರ್ಲೆಂಡನ್ನು ಒಬ್ಬರಾದ ಮೇಲೊಬ್ಬರಂತೆ ನಾಲ್ವರು ಜಾರ್ಜ್‌ಗಳು ಆಳಿದರು. ಅದು ಜಾರ್ಜಿಯನ್ ಕಾಲ. 1837ರಿಂದ 1901ರವರೆಗೆ ವಿಕ್ಟೋರಿಯಾ ರಾಣಿ. ನಡುವಿನ ಏಳು ವರ್ಷ ಆಳಿದ ನಾಲ್ಕನೆಯ ವಿಲಿಯಂ, ಪಾಪ, ಅವನ ಹೆಸರು ಹೇಳಿ ಯಾರೂ ಮನೆ ಬಾಡಿಗೆಗೆ ಕೊಡುವುದಿಲ್ಲ.

ಜಾರ್ಜಿಯನ್ ಎಂದರೇನು ಎಂದು ತಿಳಿಯಲು 1762ರಿಂದ ಕಟ್ಟಲು ತೊಡಗಿದ ಮೆರಿಯನ್ ಸ್ಕ್ವೇರ್‌ಗೆ ಹೋಗಿ ನಿಂತರೆ ಸಾಕು. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು. ಗೋಡೆ ಚಪ್ಪಟೆ, ಕೆತ್ತನೆಯಿಲ್ಲ, ಜಗಲಿಯಿಲ್ಲ. ಇರುವ ಸಿಂಗಾರವೆಲ್ಲ ಬಾಗಿಲಿಗೆ: ಎರಡು ಕಂಬ, ಬಣ್ಣ ಬಳಿದ ದೊಡ್ಡ ಕದ, ಅದರ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಂಡ ಅರೆಚಂದ್ರ ಗಾಜು. ಇದಕ್ಕೆ ಫ್ಯಾನ್‌ಲೈಟ್ ಎನ್ನುತ್ತಾರೆ. ಅಕ್ಕಪಕ್ಕದ ಗೋಡೆಗಳು ಪಕ್ಕದ ಮನೆಗಳಿಗೆ ಸೇರಿಕೊಂಡಿದ್ದರಿಂದ ಒಳಗಿನ ನಡುಮನೆ ಕತ್ತಲು. ಅಲ್ಲಿಗೆ ಬೆಳಕು ಬರಲು ಬಾಗಿಲ ಮೇಲಿನ ಈ ಗಾಜೇ ದಾರಿ. ಕದಗಳಿಗೆ ಒಂದೊಂದು ಬಣ್ಣ ಏಕೆ ಎಂದರೆ, ಕುಡಿದು ಬಂದ ಗಂಡಂದಿರಿಗೆ ತಮ್ಮ ಮನೆ ಗುರುತು ಸಿಗಲಿ ಎಂದು ಗೈಡ್‌ಗಳು ಹೇಳುತ್ತಾರೆ. ಕಥೆ ಚೆನ್ನಾಗಿದೆ, ನಾನಂತೂ ನಂಬುವುದಿಲ್ಲ.

ಕಿಟಕಿಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ನೆಲಮಾಳಿಗೆಯಲ್ಲಿ ಅಡುಗೆಮನೆ ಮತ್ತು ಆಳುಗಳು. ರಸ್ತೆ ಮಟ್ಟದಲ್ಲಿ ಊಟದ ಕೋಣೆ. ಮೊದಲ ಮಹಡಿಯಲ್ಲಿ ಅತಿಥಿಗಳನ್ನು ಕೂರಿಸುವ ದಿವಾನಖಾನೆ, ಅಲ್ಲಿನ ಕಿಟಕಿಗಳೇ ಎಲ್ಲಕ್ಕಿಂತ ಎತ್ತರ. ಮೇಲೆ ಹೋದಂತೆ ಮಲಗುವ ಕೋಣೆ, ಮಕ್ಕಳ ಕೋಣೆ. ಕಿಟಕಿ ಕುಗ್ಗುತ್ತಾ ಕುಗ್ಗುತ್ತಾ ಚೌಕವಾಗಿಬಿಡುತ್ತದೆ. ಕನ್ನಡದ ‘ಅಂತಸ್ತು’ ಎಂಬ ಪದಕ್ಕೆ ಮಹಡಿ ಮತ್ತು ಮರ್ಯಾದೆ ಎರಡೂ ಅರ್ಥವಿದೆಯಲ್ಲ, ಈ ಗೋಡೆಗಳಿಗೆಂದೇ ಮಾಡಿದ ಪದ ಅದು.

ಕಿಟಕಿಯೊಳಗಿನ ಗಾಜಿನ ತುಂಡುಗಳನ್ನೂ ಎಣಿಸಬೇಕು. ಮೇಲೆ ಕೆಳಗೆ ಜಾರುವ ಚೌಕಟ್ಟು, ಮೇಲೆ ಆರು ಗಾಜು, ಕೆಳಗೆ ಆರು. ಆಗ ಗಾಜನ್ನು ಊದಿ, ತಿರುಗಿಸಿ, ತಟ್ಟೆಯಾಗಿ ಹರಡಿ ಅದರಿಂದ ತುಂಡು ಕತ್ತರಿಸುತ್ತಿದ್ದರು. ದೊಡ್ಡ ತುಂಡು ಸಿಗುವುದೇ ಕಷ್ಟ. ಮುಂದೆ ಗಾಜಿನ ಮೇಲೆ ತೆರಿಗೆಯೂ ಬಂತು.

ಹೊರಗೆ ಇಷ್ಟು ಬಿಗುಮಾನದ ಮನೆ ಒಳಗೆ ಬೇರೆಯೇ ಆಗಿಬಿಡುತ್ತದೆ. ಹಣವಿದ್ದವರು ಅದನ್ನು ಸುರಿದದ್ದು ಚಾವಣಿಯ ಗಾರೆ ಕೆಲಸಕ್ಕೆ. ಸ್ವಿಟ್ಜರ್ಲೆಂಡಿನ ಇಟಾಲಿಯನ್ ಸೀಮೆಯಿಂದ ಬಂದ ಲಾಫ್ರಾಂಕಿನಿ ಅಣ್ಣತಮ್ಮಂದಿರು ಗೋಡೆಗಳ ಮೇಲೆ ಗ್ರೀಕ್ ದೇವತೆಗಳನ್ನು ಉಬ್ಬಿಸಿದರು. ಡಬ್ಲಿನ್‌ನವನೇ ಆದ ರಾಬರ್ಟ್ ವೆಸ್ಟ್ 1750ರ ದಶಕದಲ್ಲಿ ಡೊಮಿನಿಕ್ ಬೀದಿಯ 20ನೇ ನಂಬರಿನ ಮನೆಯಲ್ಲಿ ಮಾಡಿದ ಗಾರೆಯ ಹಕ್ಕಿಗಳು ಗೋಡೆಗೆ ಅಂಟಿಕೊಂಡಿಲ್ಲ, ಕತ್ತು ಚಾಚಿ ಗಾಳಿಯಲ್ಲೇ ನಿಂತಿವೆ. ಪೀಠೋಪಕರಣ ಮಾತ್ರ ಕಡಿಮೆ. ಕುರ್ಚಿಗಳನ್ನು ಗೋಡೆಗೆ ಒತ್ತಿ ಸಾಲಾಗಿಡುತ್ತಿದ್ದರು, ಬೇಕಾದಾಗ ನಡುವಿಗೆ ಎಳೆಯುವುದು. ನಮ್ಮ ಹಳೆಯ ಹಜಾರಗಳ ಹಾಗೆ.

ಇನ್ನು ವಿಕ್ಟೋರಿಯನ್. ಈ ಪದವೇ ತೊಂದರೆ ಕೊಡುವುದು, ಏಕೆಂದರೆ ಅದು ಒಂದು ಶೈಲಿಯ ಹೆಸರಲ್ಲ, ಕಾಲದ ಹೆಸರು. ಬೆಂಗಳೂರಿನ ಅಠಾರಾ ಕಚೇರಿ 1868ರಲ್ಲಿ ಮುಗಿದದ್ದು, ವಿಕ್ಟೋರಿಯಾ ಕಾಲದ್ದೇ. ಆದರೆ ಅದರ ಕಂಬಸಾಲು ಗ್ರೀಕ್, ರೋಮನ್ ಮಾದರಿಯದು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ 1857ರ ಮ್ಯೂಸಿಯಂ ಬಿಲ್ಡಿಂಗ್ ವೆನಿಸ್ ನಗರದ ಕಟ್ಟಡಗಳ ಮಾದರಿಯದು. ಅದೇ ವಾಸ್ತುಶಿಲ್ಪಿಗಳಾದ ಡೀನ್ ಮತ್ತು ವುಡ್‌ವರ್ಡ್ ಕಟ್ಟಿದ ಕಿಲ್ಡೇರ್ ಸ್ಟ್ರೀಟ್ ಕ್ಲಬ್‌ನ ಕಂಬದ ಬುಡದಲ್ಲಿ ಕಲ್ಲಿನ ಕೋತಿಗಳು ಬಿಲಿಯರ್ಡ್ಸ್ ಆಡುತ್ತಿವೆ. ಜಾರ್ಜಿಯನ್ ಮೇಸ್ತ್ರಿಗೆ ಇಂಥ ಚೇಷ್ಟೆಯನ್ನು ಬೀದಿಗೆ ತೋರಿಸುವ ಧೈರ್ಯ ಬರುತ್ತಿರಲಿಲ್ಲ.

ಜನ ಬದುಕುವ ವಿಕ್ಟೋರಿಯನ್ ಮನೆಗಳಿಗೆ ರಾತ್‌ಮೈನ್ಸ್, ರಾನೆಲಾ ಕಡೆ ಹೋಗಬೇಕು. ಕೆಂಪು ಇಟ್ಟಿಗೆ, ಮುಂದಕ್ಕೆ ಉಬ್ಬಿದ ಕಿಟಕಿ. ಗಾಜಿನ ತೆರಿಗೆ 1845ರಲ್ಲಿ ಹೋದ ಮೇಲೆ ಆರು ತುಂಡಿನ ಜಾಗದಲ್ಲಿ ಒಂದೋ ಎರಡೋ ದೊಡ್ಡ ಗಾಜು ಬಂತು. ಒಳಗೆ ಬಣ್ಣಬಣ್ಣದ ಹೆಂಚಿನ ನೆಲ, ಎರಕದ ಕಬ್ಬಿಣದ ಅಗ್ಗಿಷ್ಟಿಕೆ, ಭಾರದ ಪರದೆ, ಯಂತ್ರದಲ್ಲಿ ಅಚ್ಚಾದ್ದರಿಂದ ಅಗ್ಗವಾದ ಗೋಡೆಕಾಗದ. ಅದರ ಹಸಿರಿನಲ್ಲಿ ಕೆಲವೊಮ್ಮೆ ಆರ್ಸೆನಿಕ್ ವಿಷವೂ ಇರುತ್ತಿತ್ತು. ಗಾಢ ಬಣ್ಣಗಳು ಹೆಚ್ಚಲು ಅಭಿರುಚಿಯ ಜತೆಗೆ ಕಲ್ಲಿದ್ದಲು, ಗ್ಯಾಸ್ ದೀಪಗಳ ಮಸಿಯೂ ಕಾರಣ.

ಹಾಗಾದರೆ ಜಾರ್ಜಿಯನ್ ಮನೆಯ ಒಳಗೆ ಇರುವುದೆಲ್ಲ ಜಾರ್ಜಿಯನ್ನೇ? ಅಲ್ಲ. 1801ರಲ್ಲಿ ಐರ್ಲೆಂಡಿನ ಸಂಸತ್ತು ಲಂಡನ್ನಿನದರಲ್ಲಿ ಕರಗಿತು. ಶ್ರೀಮಂತರು ಅದರ ಹಿಂದೆ ಹೋದರು, ದೊಡ್ಡ ಮನೆಗಳು ಕ್ರಮೇಣ ಬಡವರ ವಠಾರಗಳಾದವು. ಹೆನ್ರಿಯೆಟಾ ಬೀದಿಯ 14ನೇ ನಂಬರಿನ ಮನೆ 1740ರ ದಶಕದ ಕೊನೆಯಲ್ಲಿ ಒಂದು ಸಿರಿವಂತ ಕುಟುಂಬಕ್ಕೆಂದು ಎದ್ದದ್ದು. 1870ರ ದಶಕದಲ್ಲಿ ಅದರ ಭಾರಿ ಮೆಟ್ಟಿಲನ್ನು ಕಿತ್ತು ಕೋಣೆಗಳನ್ನು ಹಂಚಿ ಬಾಡಿಗೆಗೆ ಬಿಟ್ಟರು. 1911ರ ಜನಗಣತಿಯ ಹೊತ್ತಿಗೆ ಅಲ್ಲಿ 17 ಕುಟುಂಬ, 100 ಜನ. ಹೊರಗೋಡೆ ಜಾರ್ಜಿಯನ್, ಒಳಗಿನ ಕಿಷ್ಕಿಂಧೆ ವಿಕ್ಟೋರಿಯನ್.

ಸ್ವಾತಂತ್ರ್ಯದ ನಂತರ ಹಲವು ಐರಿಷರ ಕಿವಿಗೆ ಜಾರ್ಜಿಯನ್ ಎಂದರೆ ‘ಇಂಗ್ಲಿಷರದು, ನಮ್ಮದಲ್ಲ’ ಎಂದೇ ಕೇಳಿಸುತ್ತಿತ್ತು. 1960ರ ದಶಕದಲ್ಲಿ ಫಿಟ್ಜ್‌ವಿಲಿಯಂ ಬೀದಿಯ ಸಾಲಿನಿಂದ 16 ಮನೆಗಳನ್ನು ಉರುಳಿಸಿ ವಿದ್ಯುತ್ ಮಂಡಳಿ ಕಚೇರಿ ಕಟ್ಟಿತು. ವಿರೋಧಿಸಿದವರೂ ಇದ್ದರು, ಗೆಲ್ಲಲಿಲ್ಲ. ಹೆನ್ರಿಯೆಟಾ ಬೀದಿಯ ಆ ಮನೆ ಮಾತ್ರ ಉಳಿದು 2018ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿ ಗಾರೆಯ ಚಾವಣಿಯಷ್ಟೇ ಜತನದಿಂದ ವಠಾರದ ಕಾಲದ ನಡುಮನೆ ಗೋಡೆಯ ಬಣ್ಣವನ್ನೂ ಉಳಿಸಿಕೊಂಡಿದ್ದಾರೆ: ಒಂದು ಕೆಮ್ಮಣ್ಣಿನ ಕೆಂಪು, ಇನ್ನೊಂದು ರೆಕಿಟ್ಸ್ ಕಂಪನಿಯ ನೀಲಿ. ನಮ್ಮ ಮನೆಗಳಲ್ಲಿ ಬಿಳಿ ಬಟ್ಟೆಗೆ ಹಾಕುತ್ತಿದ್ದ ರಾಬಿನ್ ಬ್ಲೂ ಅದೇ ಕಂಪನಿಯದು.